ಊರು ಬಿಟ್ಟವರು ಉಳಿಸಿ ಹೋದ ರುಚಿ

ಇಸ್ತಾಂಬುಲ್ ನೋಡಿ ಬಂದವರ ಪ್ರವಾಸ ಕಥನಗಳೆಲ್ಲ ಹೆಚ್ಚುಕಡಿಮೆ ಒಂದು ಮೈಲಿಯೊಳಗೆ ಮುಗಿದುಹೋಗುತ್ತವೆ. ಹಾಗಿಯಾ ಸೋಫಿಯಾ, ಅದರೆದುರಿಗೆ ನೀಲಿ ಮಸೀದಿ, ಹಿಂಬದಿಗೆ ಸುಲ್ತಾನರ ತೋಪ್‌ಕಾಪಿ ಅರಮನೆ, ಅಲ್ಲಿಂದ ಸ್ವಲ್ಪ ನಡೆದರೆ ಮಾಡು ಹೊದಿಸಿದ ದೊಡ್ಡ ಬಜಾರು. ಇವನ್ನು ನೋಡಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಒಂದೂವರೆ ಕೋಟಿಗೂ ಮೀರಿದ ಜನ ಬಾಳುವ ಊರು ಆ ಒಂದು ಮೈಲಿಯಲ್ಲಿಲ್ಲ. ಕಬಾಬಿನ ಬಣ್ಣದ ಚಿತ್ರಗಳನ್ನು ಬಾಗಿಲಿಗೆ ತೂಗುಹಾಕಿ, ಹೋಗಿಬರುವವರನ್ನು ನಾಲ್ಕಾರು ಭಾಷೆಗಳಲ್ಲಿ ಕೂಗಿ ಕರೆಯುವ ಅಲ್ಲಿನ ಹೋಟೆಲುಗಳಲ್ಲಿ ಊರಿನವರು ಊಟಕ್ಕೆ ಕೂರುವುದು ಅಪರೂಪ. ಅವರು ಉಣ್ಣುವುದನ್ನು ಕಾಣಬೇಕಾದರೆ ಹಾಲಿಚ್ ಕೊಲ್ಲಿಯ ದಂಡೆಯ ಏರುಬೀದಿಗಳಿಗೆ, ಹಳೆಯ ಕೋಟೆಗೋಡೆಯ ಮಗ್ಗುಲಿಗೆ, ಬಾಸ್ಫರಸ್ ಜಲಸಂಧಿ ದಾಟಿ ಏಷ್ಯಾದ ದಡಕ್ಕೆ ಹೋಗಬೇಕು.

ಆ ಊರಿನಲ್ಲಿ ವಿಳಾಸ ಬರೆಯುವಾಗ ಮೊದಲು ಬರುವುದು ಮಹಲ್ಲೆಯ ಹೆಸರು. ಈ ಪದ ಕನ್ನಡಿಗರಿಗೆ ಹೊಸದೇನಲ್ಲ. ಮೈಸೂರಿನ ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾಗಳಲ್ಲಿ ಇರುವುದೂ ಇದೇ ಅರಬ್ಬಿ ಮಾತು. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಿಂದ ಕಳುಹಿಸಿದ ರಾಯಭಾರಿಗಳು 1787ರಲ್ಲಿ ಇಸ್ತಾಂಬುಲ್ ಮುಟ್ಟಿದಾಗ ಅರ್ಥ ಕೇಳದೆಯೇ ತಿಳಿಯುತ್ತಿದ್ದ ತುರ್ಕಿ ಪದಗಳಲ್ಲಿ ಇದೂ ಒಂದಾಗಿದ್ದಿರಬೇಕು. ಒಂದೊಂದು ಮಹಲ್ಲೆಗೂ ಜನರೇ ಚುನಾಯಿಸುವ ಒಬ್ಬ ಮುಹ್ತಾರ್, ಅಂದರೆ ಕೇರಿಯ ಮುಖ್ಯಸ್ಥ, ಇಂದಿಗೂ ಇದ್ದಾನೆ. ಮೂಲೆಯಲ್ಲೊಂದು ದಿನಸಿ ಅಂಗಡಿ, ಅದರ ಹತ್ತಿರವೇ ರೊಟ್ಟಿಯ ಭಟ್ಟಿ. ಹಳೆಯ ಕೇರಿಗಳಲ್ಲಿ ಮೂರನೆಯ ಅಂತಸ್ತಿನ ಮುದುಕಿ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಾಳೆ. ಅಂಗಡಿಯವನು ಅದರಲ್ಲಿದ್ದ ದುಡ್ಡು ತೆಗೆದುಕೊಂಡು ರೊಟ್ಟಿ, ಮೊಸರು ಇಟ್ಟು ಕಳುಹಿಸುತ್ತಾನೆ. ರೊಟ್ಟಿಯ ಚೂರು ನೆಲಕ್ಕೆ ಬಿದ್ದರೆ ತುಳಿಯುವುದಿಲ್ಲ, ಎತ್ತಿ ತುಟಿಗೂ ಹಣೆಗೂ ತಾಗಿಸಿ ಗೋಡೆಯ ಮೇಲೆಲ್ಲಾದರೂ ಇಡುತ್ತಾರೆ. ಅನ್ನವನ್ನು ದೇವರೆನ್ನುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮಹಲ್ಲೆಗಳ ಅಡುಗೆಯನ್ನು 'ತುರ್ಕಿ ಅಡುಗೆ' ಎಂದು ಒಂದೇ ಮಾತಿನಲ್ಲಿ ಕರೆದರೆ ಅರ್ಧ ಸತ್ಯವಷ್ಟೇ ಹೇಳಿದಂತಾಗುತ್ತದೆ. 1453ರಲ್ಲಿ ಊರನ್ನು ಗೆದ್ದ ಎರಡನೆಯ ಮೆಹಮದ್, ಪಾಳುಬಿದ್ದಿದ್ದ ರಾಜಧಾನಿಯನ್ನು ತುಂಬಲು ತುರ್ಕರ ಜೊತೆಗೆ ಗ್ರೀಕರನ್ನೂ ಅರ್ಮೇನಿಯನ್ನರನ್ನೂ ಯೆಹೂದಿಗಳನ್ನೂ ಬೇರೆ ಬೇರೆ ಊರುಗಳಿಂದ ಕರೆತಂದು ನೆಲೆಗೊಳಿಸಿದ. 1492ರಲ್ಲಿ ಸ್ಪೇನಿನಿಂದ ಹೊರದೂಡಿಸಿಕೊಂಡ ಯೆಹೂದಿಗಳಿಗೆ ಅವನ ಮಗನ ಕಾಲದಲ್ಲಿ ಆಶ್ರಯ ದೊರೆಯಿತು. 19ನೆಯ ಶತಮಾನದ ಕೊನೆಯ ಹೊತ್ತಿಗೂ ಊರಿನ ಸುಮಾರು ಅರ್ಧದಷ್ಟು ಜನ ಮುಸ್ಲಿಮೇತರರೇ. ಇಂದು ನೂರಕ್ಕೆ ಒಬ್ಬರೂ ಇಲ್ಲ. ಆದರೆ ಅಡುಗೆಮನೆಯ ಮಾತಿನಲ್ಲಿ ಅವರಿನ್ನೂ ಇದ್ದಾರೆ. ಭಟ್ಟಿಗೆ ತುರ್ಕರು ಹೇಳುವ 'ಫಿರಿನ್', ಎಲೆಕೋಸಿನ 'ಲಹನ', ಪಾಲಕ್ ಸೊಪ್ಪಿನ 'ಇಸ್ಪನಾಕ್', ಹುರುಳಿಕಾಯಿಯ 'ಫಸೂಲ್ಯೆ' ಎಲ್ಲ ಗ್ರೀಕರ ಬಾಯಿಂದ ಬಂದವು. ಇಸ್ತಾಂಬುಲ್ ಎಂಬ ಹೆಸರೇ 'ಪಟ್ಟಣಕ್ಕೆ' ಎಂಬರ್ಥದ ಗ್ರೀಕ್ ನುಡಿಯಿಂದ ಹುಟ್ಟಿದ್ದೆಂದು ಬಲ್ಲವರು ಹೇಳುತ್ತಾರೆ.

ಹಾಲಿಚ್ ದಂಡೆಯಲ್ಲಿ ಅಕ್ಕಪಕ್ಕದಲ್ಲಿರುವ ಫೆನೆರ್, ಬಾಲಾತ್‌ಗಳಲ್ಲಿ ಮೊದಲನೆಯದು ಗ್ರೀಕರದಾಗಿತ್ತು, ಎರಡನೆಯದು ಯೆಹೂದಿಗಳದು. ಪೂರ್ವ ಕ್ರೈಸ್ತ ಪಂಥದ ಮಹಾಗುರುಗಳ ಪೀಠ ಸುಮಾರು 1600ರಿಂದಲೂ ಫೆನೆರ್‌ನಲ್ಲಿದೆ. ಗುಡ್ಡದ ಮೇಲಿನ ಕೆಂಪು ಇಟ್ಟಿಗೆಯ ಗ್ರೀಕ್ ಶಾಲೆಯನ್ನು ಎಷ್ಟೋ ಜನ ಕೋಟೆಯೆಂದೇ ತಿಳಿಯುತ್ತಾರೆ. ಕಟ್ಟಡ ಅಷ್ಟು ದೊಡ್ಡದು, ಓದುವ ಮಕ್ಕಳು ಬೆರಳೆಣಿಕೆಯಷ್ಟು. ನೀರಿನಂಚಿನಲ್ಲಿ ಬಲ್ಗೇರಿಯನ್ನರ ಒಂದು ಚರ್ಚು ಪೂರ್ತಿ ಎರಕದ ಕಬ್ಬಿಣದ್ದು. ವಿಯೆನ್ನಾದಲ್ಲಿ ತುಂಡುತುಂಡಾಗಿ ಎರಕಹೊಯ್ದು, ಡ್ಯಾನ್ಯೂಬ್ ನದಿಯ ಮೇಲೆ, ಕಪ್ಪು ಸಮುದ್ರದ ಮೂಲಕ ತಂದು 1898ರಲ್ಲಿ ಜೋಡಿಸಿ ಮುಗಿಸಿದ್ದು. ಬಾಲಾತ್‌ನ ಅಹ್ರಿದಾ ಸಿನಗಾಗಿನಲ್ಲಿ ಧರ್ಮಗ್ರಂಥ ಓದುವ ವೇದಿಕೆ ಹಡಗಿನ ಮೂತಿಯ ಆಕಾರದಲ್ಲಿದೆ. ಅದು ನೋಹನ ನಾವೆಯೆಂದು ಕೆಲವರು, ಸ್ಪೇನಿನಿಂದ ತಮ್ಮ ಹಿರಿಯರನ್ನು ಹೊತ್ತುತಂದ ಹಡಗೆಂದು ಕೆಲವರು.

ಆ ಹಿರಿಯರು ತಂದದ್ದು ಹದಿನೈದನೆಯ ಶತಮಾನದ ಸ್ಪ್ಯಾನಿಷ್ ಭಾಷೆ ಮತ್ತು ಬದನೆಕಾಯಿಯ ವ್ಯಾಮೋಹ. ಸುಟ್ಟ ಬದನೆಯ ತಿರುಳಿಗೆ ಗಿಣ್ಣು, ಮೊಟ್ಟೆ ಕಲಸಿ ಬೇಯಿಸುವ 'ಅಲ್ಮೊದ್ರೋತೆ', ಲೀಕ್ ಎಂಬ ಈರುಳ್ಳಿ ಜಾತಿಯ ಸೊಪ್ಪಿನ ವಡೆ ಇವೆಲ್ಲ ಅವರ ಅಡುಗೆ. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಬಾಲಾತ್‌ನ ಬಡ ಯೆಹೂದಿಗಳಲ್ಲಿ ಹೆಚ್ಚಿನವರು ಅತ್ತ ಹೊರಟರು, ಇದ್ದುಳ್ಳವರು ಊರಿನ ಹೊಸ ಬಡಾವಣೆಗಳಿಗೆ ಏರಿದರು. ಖಾಲಿಯಾದ ಮನೆಗಳಿಗೆ ಕಪ್ಪು ಸಮುದ್ರದ ಕಡೆಯ ಹಳ್ಳಿಗಳಿಂದ ಕೂಲಿಗೆ ಬಂದವರು ಬಾಡಿಗೆಗೆ ಬಂದರು. 2000ದ ನಂತರ ಮತ್ತೊಂದು ಅಲೆ. ಐರೋಪ್ಯ ಒಕ್ಕೂಟದ ಹಣದಿಂದ ಕೆಲವು ಮನೆಗಳು ದುರಸ್ತಿಯಾದವು. ಆಮೇಲೆ ನಗರಸಭೆ ಹಾಕಿದ ದೊಡ್ಡ 'ನವೀಕರಣ' ಯೋಜನೆಯ ವಿರುದ್ಧ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಯೋಜನೆ ನಿಂತರೂ ಬಾಡಿಗೆ ನಿಲ್ಲಲಿಲ್ಲ. 2017ರಿಂದ 2021ರವರೆಗೆ ಪ್ರಸಾರವಾದ 'ಚುಕುರ್' ಎಂಬ ಟೆಲಿವಿಷನ್ ಧಾರಾವಾಹಿ ಇಲ್ಲೇ ಚಿತ್ರಿತವಾದದ್ದರಿಂದ ಬಣ್ಣದ ಮನೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರ ಸಾಲು ಬೆಳೆಯಿತು. ಇಂದು ಬಾಲಾತ್‌ನಲ್ಲಿ ಕಾಫಿ ಅಂಗಡಿಗಳಿಗೆ ಲೆಕ್ಕವಿಲ್ಲ, ಅಲ್ಮೊದ್ರೋತೆ ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ಗೋಡೆಗೆ ಬಣ್ಣ ಬಳಿದು ಉಳಿಸಿಕೊಳ್ಳುವುದು ಸುಲಭ.

ಇದಕ್ಕೆ ತದ್ವಿರುದ್ಧವಾಗಿರುವುದು ಕುರ್ತುಲುಷ್. ನೋಡುವುದಕ್ಕೆ ಅಲ್ಲಿ ಏನೂ ಇಲ್ಲ. ಐದಾರು ಅಂತಸ್ತಿನ ಸಾಧಾರಣ ಮನೆಗಳು, ಒಂದು ಉದ್ದನೆಯ ಬೀದಿ, ಎರಡೂ ಬದಿಗೆ ಅಂಗಡಿಗಳು. ಆದರೆ ತಿನ್ನಬಲ್ಲವರಿಗೆ ಇಸ್ತಾಂಬುಲ್‌ನಲ್ಲಿ ಇದಕ್ಕಿಂತ ಒಳ್ಳೆಯ ಬೀದಿ ಸಿಗಲಾರದು. 16ನೆಯ ಶತಮಾನದಲ್ಲಿ ಹಡಗುಕಟ್ಟೆಯ ಕೆಲಸಕ್ಕಾಗಿ ಖಿಯೋಸ್ ದ್ವೀಪದಿಂದ ಬಂದ ಗ್ರೀಕರು ಕಟ್ಟಿಕೊಂಡ ಈ ಕೇರಿಯ ಹೆಸರು ಮೊದಲು ತತಾವ್ಲ. 1929ರ ಬೆಂಕಿಯಲ್ಲಿ ನೂರಾರು ಮನೆಗಳು ಸುಟ್ಟ ಬಳಿಕ ಹೆಸರನ್ನು ಬದಲಿಸಿ ಕುರ್ತುಲುಷ್ ಎಂದಿಟ್ಟರು. ಅದರ ಅರ್ಥ 'ಬಿಡುಗಡೆ'. ಯಾರಿಂದ ಯಾರ ಬಿಡುಗಡೆ ಎಂದು ಕೇಳಬೇಕಾದ ಹೆಸರು.

ಇಲ್ಲಿನ ತಿಂಡಿ ಅಂಗಡಿಗಳ ಗಾಜಿನ ಹಿಂದೆ 'ತೊಪಿಕ್' ಎಂಬ ಉಂಡೆ ಕಾಣುತ್ತದೆ. ಅರ್ಮೇನಿಯನ್ನರದು. ಬೇಯಿಸಿದ ಕಡಲೆ, ಆಲೂಗಡ್ಡೆಯನ್ನು ಎಳ್ಳಿನ ಹಿಟ್ಟಿನೊಂದಿಗೆ ನುಣ್ಣಗೆ ಅರೆದು ಹೊರಗಿನ ಕಣಕ ಮಾಡುತ್ತಾರೆ. ಒಳಗಿನ ಹೂರಣ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬಾಡಿಸಿದ ಈರುಳ್ಳಿ, ಒಣದ್ರಾಕ್ಷಿ, ಪೈನ್ ಬೀಜ, ದಾಲ್ಚಿನ್ನಿಯದು. ಹೋಳಿಗೆ ಬಲ್ಲ ಕೈಗೆ ಈ ಕೆಲಸ ಅಪರಿಚಿತವಲ್ಲ. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಉಪವಾಸದಲ್ಲಿ ಮಾಂಸ ನಿಷಿದ್ಧವಾದ್ದರಿಂದ ಹುಟ್ಟಿದ ತಿನಿಸು ಇದು. ಎಣ್ಣೆಯಲ್ಲಿ ಬೇಯಿಸಿ ಆರಿಸಿ ತಿನ್ನುವ ಎಷ್ಟೋ ತರಕಾರಿ ಪಲ್ಯಗಳ ಹಿಂದೆಯೂ ಇಂಥ ಉಪವಾಸದ ವಾಸನೆಯಿದೆ. ಮಾಂಸವಿಲ್ಲದೆ ಅನ್ನ ತುಂಬಿದ ದ್ರಾಕ್ಷಿ ಎಲೆಯ ಸುರುಳಿಗೆ ತುರ್ಕರು 'ಯಲಾನ್‌ಜಿ ದೋಲ್ಮ' ಎನ್ನುತ್ತಾರೆ, ಎಂದರೆ ಸುಳ್ಳುಗಾರ ದೋಲ್ಮ. ತುರ್ಕಿಯಲ್ಲಿ ಸಸ್ಯಾಹಾರಿಗಳು ಹಸಿದಿರಬೇಕೆಂದು ಹೆದರುವವರು ಈ ಒಂದು ಸುಳ್ಳನ್ನು ನಂಬಬಹುದು.

ಅದೇ ಬೀದಿಯ ಬೇಕರಿಗಳಲ್ಲಿ ಹೆಣೆದ ಜಡೆಯಂತಿರುವ ಸಿಹಿರೊಟ್ಟಿ, 'ಪಸ್ಕಾಲ್ಯ ಚೋರೆಯಿ', ಎಂದರೆ ಈಸ್ಟರ್ ರೊಟ್ಟಿ. ಒಂದು ಬಗೆಯ ಕಾಡು ಚೆರ್ರಿಯ ಬೀಜದ ತಿರುಳಿನ ಪುಡಿ, ಜೊತೆಗೆ ಮಸ್ತಿಕ್ ಎಂಬ ಮರದ ಅಂಟು ಇದರ ಪರಿಮಳ. ಮಸ್ತಿಕ್‌ಗೆ ಹೆಸರಾದದ್ದು ಅದೇ ಖಿಯೋಸ್ ದ್ವೀಪ, ತತಾವ್ಲದ ಮೊದಲ ಗ್ರೀಕರ ತವರು. ಈಗ ಈ ರೊಟ್ಟಿಯನ್ನು ಇಸ್ತಾಂಬುಲ್‌ನ ಮುಸ್ಲಿಮರೂ ವರ್ಷವಿಡೀ ಚಹದೊಂದಿಗೆ ತಿನ್ನುತ್ತಾರೆ. ಹಬ್ಬ ಮಾಡುವವರು ಮಾತ್ರ ಕಡಿಮೆಯಾಗಿದ್ದಾರೆ.

ಅವರು ಹೋದದ್ದು ತಾವಾಗಿಯೇ ಅಲ್ಲ. 1923ರಲ್ಲಿ ಗ್ರೀಸ್ ಮತ್ತು ತುರ್ಕಿ ತಮ್ಮ ತಮ್ಮ ಅಲ್ಪಸಂಖ್ಯಾತರನ್ನು ಅದಲುಬದಲು ಮಾಡಿಕೊಂಡಾಗ ಇಸ್ತಾಂಬುಲ್‌ನ ಗ್ರೀಕರಿಗೆ ವಿನಾಯಿತಿ ಸಿಕ್ಕಿತ್ತು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಉಳಿದರು. 1942ರಲ್ಲಿ, ಯುದ್ಧಕಾಲದ ಲಾಭಕೋರರನ್ನು ಹಿಡಿಯುವ ನೆಪದಲ್ಲಿ ಸರ್ಕಾರ ಸಂಪತ್ತಿನ ಮೇಲೆ ತೆರಿಗೆ ಹಾಕಿತು. ಒಂದೇ ವ್ಯಾಪಾರದ ಇಬ್ಬರು ಅಂಗಡಿಕಾರರಲ್ಲಿ ಗ್ರೀಕನಿಗೆ, ಅರ್ಮೇನಿಯನ್ನನಿಗೆ, ಯೆಹೂದಿಗೆ ಬಿದ್ದ ತೆರಿಗೆ ಮುಸ್ಲಿಮನದರ ಹಲವು ಪಟ್ಟು. ಕಟ್ಟಲಾರದವರ ಅಂಗಡಿ, ಮನೆ, ಪಾತ್ರೆಪಡಗ ಹರಾಜಾದವು. ಆಮೇಲೂ ಬಾಕಿ ಉಳಿದ ಸಾವಿರಕ್ಕೂ ಹೆಚ್ಚು ಜನರನ್ನು ಪೂರ್ವದ ಚಳಿಗುಡ್ಡಗಳಲ್ಲಿರುವ ಅಷ್ಕಲೆಗೆ ಕಲ್ಲು ಒಡೆಯಲು, ಹಿಮ ಗುಡಿಸಲು ಕಳುಹಿಸಲಾಯಿತು. 1944ರಲ್ಲಿ ತೆರಿಗೆ ರದ್ದಾಯಿತು, ಹರಾಜಾದದ್ದು ಮರಳಲಿಲ್ಲ. 1955ರ ಸೆಪ್ಟೆಂಬರ್ 6ರಂದು, ಸಲೋನಿಕಾದಲ್ಲಿ ಅತಾತುರ್ಕ್ ಹುಟ್ಟಿದ ಮನೆಗೆ ಬಾಂಬು ಬಿತ್ತೆಂಬ ಸುದ್ದಿ ಹಬ್ಬಿಸಿ, ಲಾರಿಗಳಲ್ಲಿ ಬಂದ ಗುಂಪುಗಳು ಆ ರಾತ್ರಿ ಗ್ರೀಕರ ಸಾವಿರಾರು ಮನೆ, ಅಂಗಡಿಗಳನ್ನೂ 70ಕ್ಕೂ ಹೆಚ್ಚು ಚರ್ಚುಗಳನ್ನೂ ಒಡೆದವು. ಬಾಂಬು ಗ್ರೀಕರ ಕೈವಾಡವಲ್ಲವೆಂಬುದು ಆಮೇಲೆ ಬಯಲಾಯಿತು. ಕೊನೆಯ ಪೆಟ್ಟು 1964ರದು. ಸೈಪ್ರಸ್ ಜಗಳದ ಸಿಟ್ಟಿಗೆ, ಗ್ರೀಸ್ ದೇಶದ ಪೌರತ್ವವಿದ್ದ ಸುಮಾರು 12 ಸಾವಿರ ಮಂದಿಯನ್ನು ಗಡೀಪಾರು ಮಾಡಲಾಯಿತು. ಕೈಯಲ್ಲಿ 20 ಕಿಲೋ ಸಾಮಾನು, ಸುಮಾರು 20 ಡಾಲರಿನಷ್ಟು ದುಡ್ಡು. ತುರ್ಕಿ ಪೌರರಾಗಿದ್ದ ಹೆಂಡತಿ ಮಕ್ಕಳೂ ಹಿಂದೆಯೇ ಹೊರಟಿದ್ದರಿಂದ ಖಾಲಿಯಾದ ಮನೆಗಳ ಲೆಕ್ಕ ಅದರ ಹಲವು ಪಟ್ಟಾಯಿತು. ಈಗ ಇಡೀ ಊರಿನಲ್ಲಿ ಉಳಿದಿರುವ ಗ್ರೀಕರು ಎರಡು ಮೂರು ಸಾವಿರವಷ್ಟೇ.

ಉಪವಾಸ ಶುರುವಾಗುವ ದಿನ ವೇಷ ಹಾಕಿ ಕುಣಿಯುತ್ತ ತತಾವ್ಲಕ್ಕೆ ಮೆರವಣಿಗೆ ಬರುವ 'ಬಕ್ಲಾಹೊರಾನಿ' ಹಬ್ಬ 1940ರ ದಶಕದಲ್ಲಿ ನಿಷೇಧದಿಂದ ನಿಂತಿತ್ತು. 2010ರಲ್ಲಿ ಕೆಲವರು ಮತ್ತೆ ವೇಷ ಕಟ್ಟಿದರು. ಹಾಗೆಂದು ಕಾಲವೆಲ್ಲ ಬದಲಾಯಿತೆಂದು ತಿಳಿಯುವಂತೆಯೂ ಇಲ್ಲ. ಅರ್ಮೇನಿಯನ್ ಪತ್ರಿಕೆ 'ಆಗೋಸ್'ನ ಸಂಪಾದಕ ಹ್ರಾಂತ್ ದಿಂಕ್ 2007ರ ಜನವರಿ 19ರಂದು ಗುಂಡಿಗೆ ಬಲಿಯಾದದ್ದು ಕುರ್ತುಲುಷ್‌ಗೆ ನಡೆದು ಹೋಗುವಷ್ಟು ದೂರದ ಕಾಲುದಾರಿಯ ಮೇಲೆ. ಆ ಜಾಗದಲ್ಲಿ ನೆಲಕ್ಕೆ ಒಂದು ಫಲಕ ಹಾಕಿದ್ದಾರೆ.

ಹೋದವರ ಕೆಲಸ ಯಾರ ಕೈಗೆ ಬಂತು ಎಂಬುದಕ್ಕೆ 'ಮಿದಿಯೆ ದೋಲ್ಮ' ಸಾಕ್ಷಿ. ಕಪ್ಪು ಚಿಪ್ಪಿನೊಳಗೆ ಮಸಾಲೆಯ ಅನ್ನ, ಒಣದ್ರಾಕ್ಷಿ, ಪೈನ್ ಬೀಜ ತುಂಬಿ ಬೇಯಿಸಿದ ಕಡಲ ಮಳಿ. ಸಂಜೆಯಾದರೆ ತಟ್ಟೆ ಹೊತ್ತ ಹುಡುಗರು ಬೀದಿ ಮೂಲೆಯಲ್ಲಿ ನಿಲ್ಲುತ್ತಾರೆ. ಗಿರಾಕಿ ಮೇಲಿನ ಚಿಪ್ಪನ್ನೇ ಚಮಚ ಮಾಡಿಕೊಂಡು, ನಿಂಬೆ ಹಿಂಡಿ, ನಿಂತಲ್ಲೇ ತಿನ್ನುತ್ತ ಹೋಗುತ್ತಾನೆ. ಕೊನೆಗೆ ಚಿಪ್ಪು ಎಣಿಸಿ ದುಡ್ಡು. ಒಂದು ಕಾಲಕ್ಕೆ ಇದರಲ್ಲಿ ಅರ್ಮೇನಿಯನ್ನರದು ಎತ್ತಿದ ಕೈ. ಈಗಿನ ಮಾರಾಟಗಾರರಲ್ಲಿ ಬಹುಪಾಲು ಜನ ಸಿರಿಯಾ ಗಡಿಯ ಮಾರ್ದಿನ್ ಕಡೆಯವರು. ಮಾರ್ದಿನ್‌ನಿಂದ ಸಮುದ್ರ ನೂರಾರು ಮೈಲಿ ದೂರ.

ಹೀಗೆ ಬಂದವರದೂ ಇಸ್ತಾಂಬುಲ್ ಅಡುಗೆಯೇ. 1950ರಲ್ಲಿ ಹತ್ತು ಲಕ್ಷದಷ್ಟಿದ್ದ ಊರು ಹದಿನೈದು ಪಟ್ಟು ಬೆಳೆದದ್ದು ಅನತೋಲಿಯಾದ ಹಳ್ಳಿಗಳಿಂದ. ರೋಮನ್ ಚಕ್ರವರ್ತಿ ವೇಲೆನ್ಸನ ಹೆಸರಿನ, 4ನೆಯ ಶತಮಾನದ ಮೇಲ್ಗಾಲುವೆಯ ಕಮಾನುಗಳ ಬುಡದಲ್ಲಿ 'ಹೆಂಗಸರ ಸಂತೆ' ಎಂಬ ಚೌಕವಿದೆ. ಈಗ ಅದು ತುರ್ಕಿಯ ಆಗ್ನೇಯ ಮೂಲೆಯ ಸೀರ್ತ್ ಪ್ರಾಂತ್ಯದವರ ತವರುಮನೆಯಂತಿದೆ. ಅಂಗಡಿಗಳಲ್ಲಿ ಕಾಡುಸೊಪ್ಪು ಬೆರೆಸಿದ ವಾನ್ ಸೀಮೆಯ ಗಿಣ್ಣು, ಜೇನಿನ ಹಲ್ಲೆ, ದಾರಕ್ಕೆ ಪೋಣಿಸಿದ ಒಣ ಬದನೆ. ಹೋಟೆಲಿನ ಕಿಟಕಿಯಲ್ಲಿ ನೇತುಹಾಕಿದ ಕುರಿಮಾಂಸ 'ಬುರ್ಯಾನ್'. ನೆಲದಲ್ಲಿ ತೋಡಿದ ಆಳವಾದ ಕುಳಿಯಲ್ಲಿ ಕಟ್ಟಿಗೆ ಉರಿಸಿ ಕೆಂಡ ಮಾಡಿ, ಮಾಂಸವನ್ನು ಮೇಲಿಂದ ಇಳಿಬಿಟ್ಟು, ಬಾಯಿಗೆ ಮುಚ್ಚಳವಿಟ್ಟು ಮಣ್ಣು ಮೆತ್ತಿ ಬೇಯಿಸಿದ್ದು. ಹೆಸರು ಕೇಳಿದೊಡನೆ ನಮ್ಮವರ ಕಿವಿ ನಿಮಿರುವುದು ಸಹಜ. 'ಹುರಿದದ್ದು' ಎಂಬರ್ಥದ ಅದೇ ಪಾರಸಿ ಮಾತಿನಿಂದಲೇ ಬಿರಿಯಾನಿಯ ಹೆಸರೂ ಬಂದದ್ದು. ಆದರೆ ಬುರ್ಯಾನ್‌ನಲ್ಲಿ ಅಕ್ಕಿಯ ಸೋಂಕಿಲ್ಲ. ಅಕ್ಕಿ ಬೇಕಾದವರು ಪಕ್ಕದ 'ಪೆರ್ದೆ ಪಿಲಾವ್' ಕೇಳಬೇಕು. ಪೆರ್ದೆ ಎಂದರೆ ಪರದೆ. ಕೋಳಿ, ಬಾದಾಮಿ, ಒಣದ್ರಾಕ್ಷಿ ಸೇರಿಸಿದ ಅನ್ನವನ್ನು ಹಿಟ್ಟಿನ ಪರದೆಯೊಳಗೆ ಮುಚ್ಚಿ ಸುಡುವ ಮದುವೆಯೂಟ. 2011ರಲ್ಲಿ ಸಿರಿಯಾದ ಅಂತರ್ಯುದ್ಧ ಶುರುವಾದ ಮೇಲೆ ಇದೇ ಫಾತಿಹ್ ಭಾಗದಲ್ಲಿ ಅಲೆಪ್ಪೊ, ದಮಾಸ್ಕಸ್‌ನವರ ಹೋಟೆಲುಗಳೂ ತೆರೆದವು. ಅವರ ಬಗ್ಗೆ ಊರಿನವರು ಗೊಣಗುವುದನ್ನು ಕೇಳಿದರೆ, ಹಿಂದೆ ಸೀರ್ತ್‌ನವರ ಬಗ್ಗೆಯೂ ಹೀಗೇ ಗೊಣಗಿದ್ದಿರಬೇಕು ಅನ್ನಿಸುತ್ತದೆ.

ಅಲ್ಲಿಂದ ಹತ್ತು ನಿಮಿಷ ನಡೆದರೆ ವೆಫಾ. ಪ್ರಿಜ್ರೆನ್‌ನಿಂದ ವಲಸೆ ಬಂದ ಅಲ್ಬೇನಿಯನ್ ಹಾಜಿ ಸಾದಿಕ್ 1876ರಲ್ಲಿ ತೆರೆದ 'ಬೋಜಾ' ಅಂಗಡಿ ಇನ್ನೂ ಅದೇ ಮನೆತನದ ಕೈಯಲ್ಲಿದೆ. ಬೋಜಾ ಎಂದರೆ ಬರಗಿನಂಥ ಕಿರುಧಾನ್ಯವನ್ನು ಬೇಯಿಸಿ, ಸೋಸಿ, ಸಕ್ಕರೆ ಬೆರೆಸಿ ಹುಳಿಬರಿಸಿದ ಪಾನೀಯ. ಅಂಬಲಿಗಿಂತ ಗಟ್ಟಿ; ಲೋಟದಿಂದ ಕುಡಿಯುವುದಕ್ಕಿಂತ ಚಮಚದಲ್ಲಿ ತಿನ್ನುವುದೇ ವಾಸಿ. ಮೇಲೆ ದಾಲ್ಚಿನ್ನಿ ಪುಡಿ, ಎದುರಂಗಡಿಯಿಂದ ಬಿಸಿಬಿಸಿಯಾಗಿ ಕಟ್ಟಿಸಿ ತಂದ ಹುರಿಗಡಲೆ. ಹುಳಿ ಬಂದಾಗ ತುಸು ಮದ್ಯಾಂಶವೂ ಹುಟ್ಟುವುದರಿಂದ ಇದು ಸಲ್ಲುವುದೋ ಸಲ್ಲದೋ ಎಂಬ ವಾದ ಆಟೊಮನ್ನರ ಕಾಲದಲ್ಲಿ ನಡೆದೇ ಇತ್ತು, ಕೆಲವು ಸುಲ್ತಾನರು ನಿಷೇಧಿಸಿಯೂ ನೋಡಿದರು. 1937ರಲ್ಲಿ ಅತಾತುರ್ಕ್ ಕುಡಿದ ಲೋಟವನ್ನು ಅಂಗಡಿಯ ಗೋಡೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಚಳಿಗಾಲದ ರಾತ್ರಿಗಳಲ್ಲಿ ಬೋಜಾ ಕೂಗುತ್ತ ಬೀದಿ ಅಲೆಯುವವರು ಮಾತ್ರ ಈಗ ವಿರಳ. ಓರ್ಹಾನ್ ಪಾಮುಕ್ 2014ರಲ್ಲಿ ಹೊರತಂದ ಕಾದಂಬರಿಯೊಂದಕ್ಕೆ ಅಂಥ ಮಾರಾಟಗಾರನೇ ನಾಯಕ.

ಏಷ್ಯಾ ದಡದ ಕಾದಿಕೋಯ್ ಸಂತೆಗೆ ದೋಣಿಯಲ್ಲಿ ಅರ್ಧ ಗಂಟೆಯೂ ಬೇಡ. ಅಲ್ಲಿ ಮುಸಾ ದಾಗ್‌ದೆವಿರೆನ್ 1987ರಲ್ಲಿ ತೆರೆದ 'ಚಿಯಾ' ಎಂಬ ಹೋಟೆಲು ಈಗ ಜಗತ್ಪ್ರಸಿದ್ಧ. ಹಳ್ಳಿಹಳ್ಳಿ ಸುತ್ತಿ, ಮುದುಕಿಯರನ್ನು ಕೇಳಿ ತಂದ ಅಡುಗೆಗಳನ್ನು ಆತ ಋತುವಿಗೆ ತಕ್ಕಂತೆ ಮಾಡಿಸುತ್ತಾನೆ; ಅವನ್ನು ಬರೆದಿಡಲು ಒಂದು ಪತ್ರಿಕೆಯನ್ನೂ ಹೊರಡಿಸಿದ. ಕುರ್ದರದೋ, ಅರಬರದೋ, ಅರ್ಮೇನಿಯನ್ನರದೋ ಎಂಬ ಜಗಳಕ್ಕೆ ಆತ ಇಳಿಯುವುದಿಲ್ಲ: ಅಡುಗೆಗೆ ಸೀಮೆಯುಂಟು, ಜನಾಂಗವಿಲ್ಲ ಎಂಬುದು ಅವನ ನಿಲುವು. ಒಪ್ಪಬಹುದಾದ ಮಾತು. ಆದರೆ ಜನಾಂಗದ ಹೆಸರಿನಲ್ಲೇ ಜನರನ್ನು ಓಡಿಸಿದ ಊರಿನಲ್ಲಿ ತೊಪಿಕ್ ಯಾರದೆಂದು ಹೇಳುವುದೂ ಒಂದು ಋಣ.

ಅದೇ ದಡದಲ್ಲಿ ಇನ್ನಷ್ಟು ಉತ್ತರಕ್ಕೆ ಕುಜ್ಗುನ್‌ಜುಕ್ ಎಂಬ ಹಳೆಯ ಕೇರಿ. ಅರ್ಮೇನಿಯನ್ ಚರ್ಚಿನ ಪಕ್ಕಕ್ಕೇ ಮಸೀದಿ, ಅನತಿದೂರದಲ್ಲಿ ಗ್ರೀಕ್ ಚರ್ಚು, ಸಿನಗಾಗು. ಸರ್ವಧರ್ಮ ಸಾಮರಸ್ಯದ ಬೀಡು ಎಂದು ಪ್ರವಾಸಿ ಕೈಪಿಡಿಗಳು ಬರೆಯುವುದು ವಾಡಿಕೆ. ಆ ಮಸೀದಿ ಎದ್ದದ್ದು 1952ರಲ್ಲಿ ಎಂಬುದನ್ನೂ, ಅಲ್ಲಿಂದ ಮುಂದಿನ ಹನ್ನೆರಡು ವರ್ಷಗಳಲ್ಲಿ ಏನೇನಾಯಿತೆಂಬುದನ್ನೂ ಅವು ಬರೆಯುವುದಿಲ್ಲ. ಕೇರಿಯ ನಡುವೆ ಒಂದು ತರಕಾರಿ ತೋಟವಿದೆ. ಇಸ್ತಾಂಬುಲ್ ತನ್ನ ಸೊಪ್ಪುಸದೆಯನ್ನು ಊರೊಳಗೇ ಬೆಳೆದುಕೊಳ್ಳುತ್ತಿದ್ದ ಕಾಲದ ಪಳೆಯುಳಿಕೆ. 5ನೆಯ ಶತಮಾನದ ಕೋಟೆಗೋಡೆಯ ಬುಡದಲ್ಲಿ ಯೆದಿಕುಲೆ ಲೆಟಿಸ್ ಬೆಳೆಯುತ್ತಿದ್ದ ಇಂಥ ತೋಟಗಳ ಒಂದು ಭಾಗವನ್ನು 2013ರಲ್ಲಿ ಉದ್ಯಾನ ಮಾಡುತ್ತೇವೆಂದು ಮಣ್ಣು ಸುರಿದು ಮುಚ್ಚಲಾಯಿತು. ಕುಜ್ಗುನ್‌ಜುಕ್‌ನಲ್ಲಿಯೂ ಕಟ್ಟಡ ಏಳಬೇಕಿತ್ತು. ಕೇರಿಯವರು ವರ್ಷಗಟ್ಟಲೆ ಬಿಡದೆ ಹೋರಾಡಿ ತಡೆದರು. ಈಗ ಅದನ್ನು ಪುಟ್ಟ ಪಾತಿಗಳಾಗಿ ವಿಂಗಡಿಸಿ ನಿವಾಸಿಗಳಿಗೆ ಕೊಟ್ಟಿದ್ದಾರೆ. ಟೊಮೆಟೊ, ಮೆಣಸಿನಕಾಯಿ, ಈರುಳ್ಳಿ ಬೆಳೆದುಕೊಳ್ಳುತ್ತಾರೆ. ಹಿಂದೆ ಅದನ್ನು ಸಾಗುಮಾಡುತ್ತಿದ್ದ ಗ್ರೀಕ್ ತೋಟಗಾರನ ಹೆಸರಿನಿಂದ ಜನ ಅದನ್ನು ಇಂದಿಗೂ 'ಇಲ್ಯಾನ ತೋಟ' ಎಂದೇ ಕರೆಯುತ್ತಾರೆ.